ಎಲ್ಲ ಕೇಳಬಹುದು, ದನಗಳೆಷ್ಟು ಎಂದು ಮಾತ್ರ ಕೇಳಬಾರದು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ವಿಸ್ತೀರ್ಣ ಎರಡು ಲಕ್ಷ ಚದರ ಕಿಲೋಮೀಟರ್; ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. 2020ರ ಜನಗಣತಿಗೆ ಸಿಕ್ಕವರು 19,61,504 ಮಂದಿ. ಚದರ ಕಿಲೋಮೀಟರಿಗೆ ಹತ್ತು ಜನ ಎಂದು ಲೆಕ್ಕ ಹಾಕಿಕೊಂಡು ಹೋದರೆ ಆ ಹತ್ತು ಎಲ್ಲಿಯೂ ಕಾಣಸಿಗುವುದಿಲ್ಲ. ನಮ್ಮ ಜಿಲ್ಲೆಗಳಂಥ 93 ಕೌಂಟಿಗಳಲ್ಲಿ ಪೂರ್ವದಂಚಿನ ಮೂರರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ನೆಲೆಸಿದ್ದಾರೆ. ಒಮಾಹಾ, ಲಿಂಕನ್ ನಗರಗಳನ್ನು ನೋಡಿದ್ದಾಯಿತು. 1937ರಿಂದ ಒಂದೇ ಸದನದ ಶಾಸನಸಭೆ ನಡೆಸುತ್ತಿರುವ ಏಕೈಕ ರಾಜ್ಯವೆಂಬುದು ಇಷ್ಟವಾಯಿತು, ಅಷ್ಟೆ.

ಗ್ರ್ಯಾಂಡ್ ಐಲೆಂಡ್ ಎಂಬ ಊರಿನಿಂದ ವಾಯವ್ಯಕ್ಕೆ 2ನೇ ಹೆದ್ದಾರಿ ಹಿಡಿದ ಮೇಲೆ ನಾನು ಬೇರೆಯೇ ಲೋಕದಲ್ಲಿದ್ದೆ. ಸ್ಯಾಂಡ್‌ಹಿಲ್ಸ್ ಎಂದರೆ ಸುಮಾರು 50,000 ಚದರ ಕಿಲೋಮೀಟರ್ ಮರಳುದಿಬ್ಬಗಳು. ಆದರೆ ಮರಳು ಕಣ್ಣಿಗೇ ಬೀಳುವುದಿಲ್ಲ, ಎಲ್ಲವನ್ನೂ ಹುಲ್ಲು ಹೊದ್ದುಕೊಂಡಿದೆ. ಅಡಿಯಲ್ಲಿ ಓಗಲಾಲಾ ಎಂಬ ವಿಶಾಲ ಅಂತರ್ಜಲ ಪದರ ತುಂಬಿರುವುದರಿಂದ ದಿಬ್ಬಗಳ ನಡುವೆ ಅಲ್ಲಲ್ಲಿ ಕೆರೆಗಳು ತಾವಾಗಿಯೇ ನಿಂತಿವೆ. ಪಕ್ಕದ ಹಳಿಯಲ್ಲಿ ವಯೋಮಿಂಗ್‌ನ ಕಲ್ಲಿದ್ದಲು ಹೊತ್ತ ರೈಲುಗಳು ಹೋಗುತ್ತಿದ್ದವು, ಮನುಷ್ಯರ ಸುಳಿವಿಲ್ಲ.

ಒಂದು ಎಚ್ಚರಿಕೆ. ಇಲ್ಲಿ ಇಂಧನದ ಟ್ಯಾಂಕ್ ಅರ್ಧಕ್ಕಿಳಿದ ಕೂಡಲೇ ತುಂಬಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ. ಸಿಬ್ಬಂದಿಯಿಲ್ಲದ ಪಂಪೊಂದು ಅಮೆರಿಕದ ಪಿನ್‌ಕೋಡ್ ಕೇಳಿ, ನಮ್ಮ ಕಾರ್ಡನ್ನು ತಿರಸ್ಕರಿಸಿತು. ದೂರದಿಂದ ಬಂದವರಿಗಾಗಿ ಅಲ್ಲೊಂದು ಫಲಕವನ್ನಾದರೂ ಹಾಕಬಾರದಿತ್ತೇ ಎಂದು ಈಗಲೂ ಸಿಟ್ಟು ಬರುತ್ತದೆ.

ನಮ್ಮ ಪರದಾಟ ಕಂಡು ಪಿಕಪ್ ನಿಲ್ಲಿಸಿದ ವೃದ್ಧ ದನಗಾಹಿಯೊಬ್ಬರು ತಮ್ಮ ಕಾರ್ಡಿನಿಂದ ತುಂಬಿಸಿಕೊಟ್ಟರು. ಹಣ ಕೊಟ್ಟು, ಹತ್ತಿರದ ಹೋಟೆಲಿನಲ್ಲಿ ಜೊತೆಗೆ ಕುಳಿತೆವು. ಕಾಫಿ ನೀರುನೀರು, ಸಸ್ಯಾಹಾರಿಗೆ ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಬೇರೆ ಗತಿಯಿಲ್ಲ. ಮಾತು ಮಾತ್ರ ಸೊಗಸಾಗಿತ್ತು.

"ನಿಮ್ಮ ರಾಜ್ಯದಲ್ಲಿ ಎಷ್ಟು ಜನ?" ಎಂದರು. 2011ರಲ್ಲೇ ಆರು ಕೋಟಿ ದಾಟಿತ್ತು ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದನಗಳಿಗೆ ಹುಲ್ಲು ಎಲ್ಲಿಂದ?" ಎಂದು ಕೇಳಿದರು.

ನೆಬ್ರಾಸ್ಕಾದಲ್ಲಿ ದನಗಳ ಸಂಖ್ಯೆ ಸುಮಾರು 60 ಲಕ್ಷ, ಜನರ ಮೂರು ಪಟ್ಟು. ಅವರಿದ್ದ ಗ್ರ್ಯಾಂಟ್ ಕೌಂಟಿಯಲ್ಲಿ 2,000 ಚದರ ಕಿಲೋಮೀಟರಿಗೆ 611 ಜನ. ನಾನು ಅಂಕಿಗಳನ್ನು ಬಿಡದೆ ಹೇಳುತ್ತಿದ್ದುದನ್ನು ಕಂಡು ಅವರು ನಕ್ಕರು. "ಏನು ಬೇಕಾದರೂ ಕೇಳಿ. ದನಗಳೆಷ್ಟು ಎಂದು ಮಾತ್ರ ಇಲ್ಲಿ ಯಾರನ್ನೂ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ."

ಜನ ಏಕೆ ಕಡಿಮೆಯೆಂಬುದಕ್ಕೆ ಅವರ ಬಳಿ ಉತ್ತರವಿತ್ತು. 1904ರ ಕಿಂಕೇಡ್ ಕಾಯ್ದೆಯಡಿ ಸರ್ಕಾರ ಕುಟುಂಬಕ್ಕೆ 640 ಎಕರೆ ಕೊಟ್ಟಿತು. ಬಂದವರು ನೇಗಿಲು ಹೂಡಿದರು. ಹುಲ್ಲಿನ ಬೇರು ಹರಿದಲ್ಲೆಲ್ಲ ಗಾಳಿ ಮರಳನ್ನೆಬ್ಬಿಸಿತು. ಅನೇಕರು ಮಾರಿ ಹೊರಟರು. ಹಸು, ಕರು ಎರಡಕ್ಕೂ ಸೇರಿ ಹತ್ತು ಎಕರೆಗಿಂತ ಹೆಚ್ಚು ಹುಲ್ಲುಗಾವಲು ಬೇಕಾದ ನೆಲದಲ್ಲಿ ಮನೆಗಳು ದೂರದೂರವೇ ಉಳಿದವು.

ಹೊರಡುವಾಗ ಅವರು ತಮ್ಮ ಬೇಲಿಯಾಚೆಯ ದಿಬ್ಬವೊಂದನ್ನು ತೋರಿಸಿದರು. ಗಾಳಿ ಕೊರೆದ ಬೋಳು ಗುಂಡಿಯಲ್ಲಿ ಹಳೆಯ ಟೈರುಗಳನ್ನು ಹರಡಿದ್ದರು, ಮರಳು ಕದಲದಿರಲೆಂದು. ಟೈರುಗಳೊಳಗೆ ಹುಲ್ಲು ಚಿಗುರಿತ್ತು. ದನಗಳು ಅತ್ತ ನುಗ್ಗದಂತೆ ಸುತ್ತಲೂ ತಂತಿ ಎಳೆದಿದ್ದರು.