ವಿಕ್ಟೋರಿಯಾದ ಚಿನ್ನದ ಸೀಮೆಯಲ್ಲಿ ಹಳೆಯ ಕಾರುಗಳ ರ‍್ಯಾಲಿ: ನ್ಯಾವಿಗೇಟರ್ ಆಗಿ ಹೋಗುವವರಿಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ನಡೆಯುವ ಹಳೆಯ ಕಾರುಗಳ ನ್ಯಾವಿಗೇಷನ್ ರ‍್ಯಾಲಿಗೆ ನ್ಯಾವಿಗೇಟರ್ ಆಗಿ, ಅಂದರೆ ಚಾಲಕರ ಪಕ್ಕದಲ್ಲಿ ಕೂತು ನಕ್ಷೆ ನೋಡಿ ದಾರಿ ಹೇಳುವವರಾಗಿ, ಹೋಗಬೇಕೆಂದಿರುವವರು ವೇಗದ ಕಲ್ಪನೆಯನ್ನು ಮೆಲ್ಬರ್ನ್‌ನಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ಗೊತ್ತುಪಡಿಸಿದ ವೇಗದಲ್ಲಿ, ಗೊತ್ತುಪಡಿಸಿದ ಸಮಯಕ್ಕೆ ದೂರ ಮುಟ್ಟಬೇಕಾದ ನಮ್ಮಲ್ಲಿಯ ಟಿಎಸ್‌ಡಿ ರ‍್ಯಾಲಿಗಳಲ್ಲಿ ಕೂತವರಿಗೆ ಗಡಿಯಾರದ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಇಲ್ಲಿ ದಾರಿಯನ್ನೇ ಹುಡುಕಿಕೊಳ್ಳಬೇಕು, ಮತ್ತು ಅಂಕಗಳು ಹೆಚ್ಚಾಗಿ ಹೋಗುವುದು ಅಲ್ಲಿಯೇ.

ಮೇರಿಬರೋ, ಡನೋಲಿ, ವೆಡರ್‌ಬರ್ನ್ ಸುತ್ತಿನ ಕಾಡು 1850ರ ದಶಕದಿಂದ ಚಿನ್ನಕ್ಕಾಗಿ ಅಗೆಸಿಕೊಂಡ ನೆಲ. ಡನೋಲಿಯ ಹತ್ತಿರದ ಮೊಲಿಯಾಗುಲ್‌ನಲ್ಲಿ 1869ರಲ್ಲಿ ಸಿಕ್ಕ ಚಿನ್ನದ ಗಟ್ಟಿಯ ತೂಕ ಎಪ್ಪತ್ತು ಕಿಲೋಗಿಂತ ಹೆಚ್ಚಿತ್ತು. ಮೆಟಲ್ ಡಿಟೆಕ್ಟರ್ ಹಿಡಿದವರು ಇಂದಿಗೂ ಅಲ್ಲಿ ಓಡಾಡುತ್ತಾರೆ. ಅವರೆಲ್ಲರ ಓಡಾಟದಿಂದಾಗಿ ನಕ್ಷೆಯಲ್ಲಿ ಒಂದೇ ದಾರಿ ಇರುವ ಕಡೆ ನೆಲದ ಮೇಲೆ ಮೂರು ಕವಲುಗಳು ಕಾಣುತ್ತವೆ, ನಕ್ಷೆಯಲ್ಲಿರುವ ದಾರಿ ಕೆಲವೊಮ್ಮೆ ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ. ಮುಚ್ಚದೆ ಬಿಟ್ಟ ಹಳೆಯ ಗಣಿಗುಂಡಿಗಳೂ ಇರುವುದರಿಂದ ಕಾರನ್ನು ದಾರಿ ಬಿಟ್ಟು ಹಿಂದಕ್ಕೆ ತೆಗೆಯಬಾರದು, ಕತ್ತಲಲ್ಲಿ ಇಳಿದು ಪಕ್ಕಕ್ಕೆ ನಡೆಯಲೂಬಾರದು.

ನಾನು ಕೂತದ್ದು ಗೆಳೆಯರೊಬ್ಬರ 1964ರ ಇಎಚ್ ಹೋಲ್ಡನ್‌ನಲ್ಲಿ. ಅದರ ಸ್ವಂತ ಮೀಟರ್ ಮೈಲಿಯಲ್ಲಿದೆ. ಆದ್ದರಿಂದ ಕಿಲೋಮೀಟರಿನ ಪ್ರತ್ಯೇಕ ಟ್ರಿಪ್ ಮೀಟರ್, ಅಂದರೆ ಕ್ರಮಿಸಿದ ದೂರ ತೋರಿಸುವ ಮೀಟರ್, ಬೇಕೇ ಬೇಕು. ಆರಂಭದಲ್ಲಿ ಮೀಟರ್ ತಾಳೆ ನೋಡಿಕೊಳ್ಳಲೆಂದು ಸಂಘಟಕರು ಅಳೆದು ಕೊಡುವ ದೂರವನ್ನು ಮೈಮರೆತು ಓಡಿಸಿಬಿಡಬೇಡಿ. ಅವರ 10 ಕಿ.ಮೀ. ನಿಮ್ಮ ಮೀಟರಿನಲ್ಲಿ 10.2 ಎಂದು ಬಂದರೆ, ಸೂಚನೆಯಲ್ಲಿ 4.5 ಎಂದಿರುವ ತಿರುವು ನಿಮಗೆ 4.59ರಲ್ಲಿ ಬರುತ್ತದೆ, ಮತ್ತು ಆ ತೊಂಬತ್ತು ಮೀಟರಿನೊಳಗೆ ಇನ್ನೊಂದು ಕವಲು ಇದ್ದೇ ಇರುತ್ತದೆ. ಸರಿಯಾದ ದಾರಿಯಲ್ಲಿ ಅಂಗೈಯಗಲದ ಹಲಗೆಯೊಂದನ್ನು ಮರಕ್ಕೆ ಕಟ್ಟಿರುತ್ತಾರೆ, ಅದರಲ್ಲಿ ಒಂದೇ ಅಕ್ಷರ. ಸರಿಯಾದ ದಾರಿಯಲ್ಲೇ ಬಂದದ್ದಕ್ಕೆ ಸಾಕ್ಷಿಯಾಗಿ, ಕಂಡ ಕ್ಷಣವೇ ಅದನ್ನು ಸಂಘಟಕರ ಕಾರ್ಡಿನಲ್ಲಿ ಪೆನ್ನಿನಿಂದ ಬರೆದುಕೊಳ್ಳಬೇಕು. ಧೂಳಿನಲ್ಲಿ ಅದು ನ್ಯಾವಿಗೇಟರ್ ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ಅವನ ಕಣ್ಣು ನಕ್ಷೆಯ ಮೇಲಿರುತ್ತದೆ. ಹಲಗೆ ನೋಡುವ ಕೆಲಸವನ್ನು ಚಾಲಕರಿಗೆ ಮೊದಲೇ ಒಪ್ಪಿಸಿಬಿಡಿ.

ವಸತಿಯ ವಿಷಯದಲ್ಲಿ ನನಗೆ ಇಂದಿಗೂ ಸಿಟ್ಟಿದೆ. ಸಂಜೆ ತಂಗಿದ ಊರಿನ ಮೋಟೆಲ್ ಒಂದರಲ್ಲಿ, ರ‍್ಯಾಲಿ ಬರುತ್ತದೆಂದು ತಿಳಿದು ವಾರಾಂತ್ಯದ ದರವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದ್ದರು. ಹಣ ಕೊಟ್ಟದ್ದಕ್ಕೆ ಸಿಕ್ಕಿದ್ದು ಹೆದ್ದಾರಿಗೆ ಮುಖಮಾಡಿದ ಕೋಣೆ, ಅರ್ಧ ಗಂಟೆಗೊಮ್ಮೆ ತಾನೇ ಆರಿಹೋಗುವ ಹೀಟರ್, ರಾತ್ರಿಯಿಡೀ ಧಾನ್ಯದ ಲಾರಿಗಳ ಸದ್ದು. ಸದ್ದಿನಲ್ಲಿ ನಿದ್ರೆ ಬಾರದವನು ಮರುದಿನ ನಕ್ಷೆ ಓದಲಾರ. ಇಂಥ ಊರುಗಳ ಜಾತ್ರೆ ಮೈದಾನದಲ್ಲಿ, ಅಂದರೆ ಷೋಗ್ರೌಂಡ್‌ನಲ್ಲಿ, ಅನೇಕ ಕಡೆ ಕಡಿಮೆ ಹಣಕ್ಕೆ ಟೆಂಟ್ ಹಾಕಲು ಬಿಡುತ್ತಾರೆ. ಬಿಸಿನೀರಿನ ಸ್ನಾನದ ಮನೆಯೂ ಸಾಮಾನ್ಯವಾಗಿ ಇರುತ್ತದೆ. ಚಳಿ ತಡೆಯುವವರಿಗೆ ಅದೇ ಮೇಲು.

ಊಟಕ್ಕೆ ಮಾತ್ರ ಆ ಊರನ್ನು ಎಷ್ಟು ಹೊಗಳಿದರೂ ಸಾಲದು. ಊರಿನ ಸಭಾಂಗಣದಲ್ಲಿ ಸ್ಥಳೀಯ ಮಹಿಳೆಯರು ತಮ್ಮ ಸಂಘಕ್ಕೆ ಹಣ ಕೂಡಿಸಲು ಅಡುಗೆ ಮಾಡಿದ್ದರು. ಮಾಂಸ ತಿನ್ನುವುದಿಲ್ಲ ಎಂದಾಗ ಒಬ್ಬ ಹಿರಿಯರು ಸಿಹಿಗುಂಬಳದ ಸೂಪನ್ನು ದೊಡ್ಡ ಬಟ್ಟಲಿಗೆ ಹೊಯ್ದು, ಮೆಣಸಿನಪುಡಿಯ ಡಬ್ಬಿಯನ್ನೇ ಪಕ್ಕದಲ್ಲಿಟ್ಟು, ಮುಗಿಯುವ ಮೊದಲೇ ಮತ್ತೊಂದು ಸೌಟು ಬಡಿಸಿದರು. ಆಮೇಲೆ ಒಲೆಯಿಂದ ಆಗಷ್ಟೇ ತೆಗೆದ ಸ್ಕೋನ್ ಎಂಬ ಮೆತ್ತನೆಯ ಸಣ್ಣ ಬನ್ನು, ಮನೆಯಲ್ಲೇ ಮಾಡಿದ ಏಪ್ರಿಕಾಟ್ ಜ್ಯಾಮ್, ಗಟ್ಟಿ ಕೆನೆ, ದೊಡ್ಡ ಕೆಟಲಿನಿಂದ ಬೇಕಾದಷ್ಟು ಚಹಾ. ಇಷ್ಟಕ್ಕೆ ಕೊಟ್ಟದ್ದು ಮೆಲ್ಬರ್ನ್‌ನಲ್ಲಿ ಎರಡು ಕಾಫಿಗೆ ಕೊಡುವಷ್ಟು. ಬೇಗ ಹೋಗಿ, ಹಳ್ಳಿಯ ಪಬ್‌ಗಳ ಅಡುಗೆಮನೆ ಎಂಟರ ಹೊತ್ತಿಗೆ ಮುಚ್ಚಿದರೆ ಬಿಸ್ಕತ್ತೇ ಗತಿ. ಹಗಲಿಗೆ ಬೇಕರಿಯ ತರಕಾರಿ ಪೇಸ್ಟಿ, ಅಂದರೆ ಪಲ್ಯ ತುಂಬಿ ಬೇಯಿಸಿದ ಹಿಟ್ಟಿನ ಕಡುಬು, ಸಾಕು.

ಸೀಸ ಬೆರೆಸಿದ ಪೆಟ್ರೋಲ್ ಆಸ್ಟ್ರೇಲಿಯಾದಲ್ಲಿ 2002ರ ಆರಂಭದಿಂದ ಇಲ್ಲ. ಸೀಸವಿಲ್ಲದೆ ಸವೆಯುವ ಹಳೆಯ ಎಂಜಿನ್ನಿನ ವಾಲ್ವ್‌ಗಳನ್ನು ಕಾಪಾಡುವ ದ್ರಾವಣವನ್ನು ನಗರದಲ್ಲೇ ಕೊಂಡಿರಬೇಕು. ಸಣ್ಣ ಊರುಗಳ ಬಂಕಿನಲ್ಲಿ ಪ್ರೀಮಿಯಂ ಪೆಟ್ರೋಲ್ ಸಿಗುತ್ತದೆಂದು ನಂಬಬೇಡಿ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆ, ಮತ್ತು ನಾಲ್ಕೂ ಚಕ್ರಕ್ಕೆ ಹಳೆಯ ಬಗೆಯ ಡ್ರಮ್ ಬ್ರೇಕ್ ಇರುವ ಕಾರು ಜಲ್ಲಿಯ ಮೇಲೆ ಬೇಗ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಸಮಯದ ಅಂಕ ಹೋದರೂ ನಿಧಾನವಾಗಿಯೇ ಹೋಗಲು ಚಾಲಕರಿಗೆ ಹೇಳಿ.

ಸ್ವಂತ ಹಳೆಯ ಕಾರು ಇಲ್ಲದವರು ಹಿಂಜರಿಯಬೇಕಿಲ್ಲ. ಕಾರು ಇದ್ದೂ ನಕ್ಷೆ ಓದುವ ಜೊತೆಗಾರರಿಲ್ಲದ ಮಾಲೀಕರು ಅಲ್ಲಿಯ ಕ್ಲಬ್‌ಗಳಲ್ಲಿ ಇದ್ದೇ ಇರುತ್ತಾರೆ. ನೋಂದಣಿ ಮುಗಿಯುವ ಮೊದಲೇ ಸಂಘಟಕರಿಗೆ ಬರೆದು ಕೇಳಿ, ಹೊರಡುವ ಮುನ್ನ 1:50,000 ಪ್ರಮಾಣದ ನಕ್ಷೆಯನ್ನು ಓಡುತ್ತಿರುವ ಕಾರಿನಲ್ಲಿ ವಾಂತಿಯಾಗದಂತೆ ಓದುವ ಅಭ್ಯಾಸ ಮಾಡಿಕೊಳ್ಳಿ.