ಒಂದು ಮೈಕ್ರೋಕರ್ನಲ್, ಎರಡು ಲಿನಕ್ಸ್: ಡಿಎಂಎ ಕಾಟ ಮುಗೀತು (ಸದ್ಯಕ್ಕೆ)

ಅಂತೂ ಸಿಕ್ತು! ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಫಿಯಾಸ್ಕೋ (ಒಂದರ ತೊಂದರೆ ಇನ್ನೊಂದಕ್ಕೆ ತಾಗದಂಗೆ ಎಲ್ಲವನ್ನೂ ಬೇರೆ ಬೇರೆ ಇಡೋ ಪುಟ್ಟ ಕರ್ನಲ್, ಅಂದ್ರೆ ಮೈಕ್ರೋಕರ್ನಲ್), ಅದರ ಮೇಲೆ ಯುವಿಎಂಎಂನಲ್ಲಿ (ವರ್ಚುವಲ್ ಮೆಷಿನ್ ನಡೆಸೋ ಪ್ರೋಗ್ರಾಮ್) ಎರಡು ಲಿನಕ್ಸ್, ನಿನ್ನೆ ರಾತ್ರಿಯಿಂದ ಎರಡೂ ತಮ್ಮ ಪಾಡಿಗೆ ಓಡ್ತಾ ಇವೆ. ಬಿಲ್ಡು, ಎಸ್‌ಡಿ ಕಾರ್ಡು, ಲುವಾ ಕಾನ್ಫಿಗ್ ಹೊಂದಿಸಿದ ಕಥೆ ಎಲ್ಲ ಬಿಟ್ಟು, ಸೀದಾ ತಲೆನೋವಿಗೆ ಬರ್ತೀನಿ: ಡಿಎಂಎ, ಅಂದ್ರೆ ಸಿಪಿಯು ನಡುವೆ ಬರದೆ ಡಿವೈಸೇ ನೇರ ಮೆಮೊರಿಗೆ ಬರೆಯೋದು.

ಒಂದು ಲಿನಕ್ಸಿಗೆ ಈಥರ್ನೆಟ್ ಪೂರ್ತಿ ಬಿಟ್ಕೊಟ್ಟಿದ್ದೆ. ಇನ್ನೊಂದಕ್ಕೆ ತೋಟದ ಪಂಪ್ ನೋಡ್ಕೊಳ್ಳೋ ಕೆಲಸ, ಅದಕ್ಕೆ ನೆಟ್ಟೇ ಇಲ್ಲ. ನೆಟ್ ಕಡೆ ಲಿಂಕ್ ಅಪ್ ಅನ್ನುತ್ತೆ, ಬಂದ ಪ್ಯಾಕೆಟ್ ನೋಡಿದ್ರೆ ಬರೀ ಸೊನ್ನೆ, ಸ್ವಲ್ಪ ಹೊತ್ತಿಗೆ ಆಚೆ ಪಂಪ್ ಲಿನಕ್ಸ್ ಪ್ಯಾನಿಕ್, ಅಂದ್ರೆ ಕ್ರ್ಯಾಶ್. ಅದಕ್ಕೂ ಇದಕ್ಕೂ ಸಂಬಂಧನೇ ಇರಬಾರದು, ಅದಕ್ಕೇ ಅಲ್ವಾ ಮೈಕ್ರೋಕರ್ನಲ್ ಹಾಕೋದು!

ಜೆಡಿಬಿಗೆ (ಫಿಯಾಸ್ಕೋ ಒಳಗೆ ಏನಾಗ್ತಿದೆ ಅಂತ ನೋಡೋ ಡೀಬಗರ್) ಇಳಿಯೋಕೆ ಸೀರಿಯಲ್ ಕೇಬಲ್ ಬೇಕು. 3.3 ವೋಲ್ಟಿಂದು ಕೇಳಿದ್ರೆ ಅಂಗಡಿಯವನು 5 ವೋಲ್ಟಿಂದು ಕಳಿಸಿದ, ಹಾಕಿದ್ರೆ ಪೈ ಪಿನ್ನೇ ಹೋಗುತ್ತೆ. ವಾಪಸ್ ಮಾಡಿ ಬೇರೆ ತರಿಸಿದ್ರೆ ಕೊರಿಯರ್‌ನವನು "ಶಿರಸೀಲಿ ಮಳೆ ಸರ್, ನಾಳೆ ನೋಡೋಣ" ಅಂತ ದಿನ ದೂಡಿದ.

ಕೇಬಲ್ ಬಂದ್ಮೇಲೆ ಪಂಪ್ ಲಿನಕ್ಸಿನ ಕೆಟ್ಟುಹೋದ ಮೆಮೊರಿ ಪೇಜನ್ನ ಡಂಪ್ ಮಾಡಿ ನೋಡಿದೆ. ಸಾಲಾಗಿ ಆರು ಎಫ್‌ಎಫ್, ಆಮೇಲೆ ನಮ್ಮನೆ ರೂಟರಿನ ಮ್ಯಾಕ್ (ನೆಟ್ ಹಾರ್ಡ್‌ವೇರಿನ ಅಡ್ರೆಸ್), ಮುಂದೆ 08 06. ಎಆರ್‌ಪಿ ಪ್ಯಾಕೆಟ್ಟು (ಈ ಐಪಿ ಯಾರದ್ದು ಅಂತ ನೆಟ್ಟಲ್ಲಿರೋ ಎಲ್ಲರನ್ನೂ ಕೇಳೋದು), ಅದೂ ನೆಟ್ಟೇ ಇಲ್ಲದ ಲಿನಕ್ಸಿನ ಮೆಮೊರಿ ಒಳಗೆ!

ಆಗಿದ್ದಿಷ್ಟು: ಗೆಸ್ಟ್ (ವರ್ಚುವಲ್ ಮೆಷಿನ್ ಒಳಗಿನ ಲಿನಕ್ಸ್) ತನಗೆ ಕಾಣೋ ಅಡ್ರೆಸ್ಸನ್ನೇ ನೆಟ್ ಚಿಪ್ಪಿಗೆ ಕೊಡುತ್ತೆ. ಸಿಪಿಯು ಆದ್ರೆ ಸ್ಟೇಜ್-2 ಪೇಜ್ ಟೇಬಲ್ ಅದನ್ನ ನಿಜವಾದ ಜಾಗಕ್ಕೆ ತಿರುಗಿಸುತ್ತೆ, ಡಿಎಂಎ ಆ ದಾರೀಲಿ ಬರೋದೇ ಇಲ್ಲ, ಪೈ 4ರಲ್ಲಿ ಈಥರ್ನೆಟ್ ಮುಂದೆ ಐಒಎಂಎಂಯು (ಡಿಎಂಎ ಅಡ್ರೆಸ್ಸನ್ನೂ ತಿರುಗಿಸಿ ಕಾವಲು ಕಾಯೋ ಹಾರ್ಡ್‌ವೇರ್) ಇಲ್ಲ. ಹೆಬ್ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂಗೆ.

ನೆಟ್ ಗೆಸ್ಟಿಗೆ ಒಂದೇ ತುಂಡು ರ‍್ಯಾಮ್ ಜಾಗ ಬದಲಾಗದಂಗೆ ಪಿನ್ ಮಾಡಿ ಕೊಟ್ಟು, ಗೆಸ್ಟ್ ಅಡ್ರೆಸ್ಸೂ ಫಿಸಿಕಲ್ ಅಡ್ರೆಸ್ಸೂ ಒಂದೇ ಆಗೋ ಹಂಗೆ ಮ್ಯಾಪ್ ಮಾಡಿ, ಡಿವೈಸ್ ಟ್ರೀಯ (ಲಿನಕ್ಸಿಗೆ ಹಾರ್ಡ್‌ವೇರ್ ವಿವರ ಹೇಳೋ ಫೈಲ್) ಮೆಮೊರಿ ನೋಡ್ ಹೊಂದಿಸಿದೆ. ಪಿಂಗ್ ಬಂತು, ಪಂಪ್ ಲಿನಕ್ಸ್ ಅಲುಗಾಡಲಿಲ್ಲ.

ಅಂದಹಾಗೆ ಕೋರ್ ನಾಲ್ಕಿವೆ, ಕೊನೆಕೊಯ್ಲಿಗೆ ಮುಂಚೆ ಅಡಿಕೆ ಡ್ರೈಯರಿನ ಟೆಂಪರೇಚರ್ ನೋಡೋಕೆ ಮೂರನೇ ಲಿನಕ್ಸ್ ಏರಿಸಬೇಕು ಅಂತ ಆಸೆ ಇದೆ.

ಆದ್ರೆ ಅದಕ್ಕೆ ಮೊದಲು ಇದು ಗಟ್ಟಿಯಾಗಬೇಕು. ನೆಟ್ ಲಿನಕ್ಸಿಗೆ ಯಾರಾದ್ರೂ ನುಗ್ಗಿದ್ರೆ ಚಿಪ್ಪಿಗೆ ಬೇಕಾದ ಅಡ್ರೆಸ್ ಕೊಟ್ಟು ಪಂಪಿನ ಮೆಮೊರಿ ಈಗಲೂ ಬರೀಬಹುದು. ಕೋಡ್ ಸರಿ ಇದೆ ಅಂತ 2009ರಲ್ಲಿ ಗಣಿತದ ಪ್ರೂಫ್ ಮುಗಿಸಿದ ಇನ್ನೊಂದು ಮೈಕ್ರೋಕರ್ನಲ್ ಎಸ್‌ಇಎಲ್4 ಕೂಡ ಡಿಎಂಎ ಆಫ್ ಇದೆ, ಇಲ್ಲಾ ಆ ಡಿವೈಸನ್ನ ನಂಬಬಹುದು ಅಂತ ಹಿಡ್ಕೊಂಡೇ ಹೊರಡುತ್ತೆ. ಹಂಗಾಗಿ ಡ್ರೈವರನ್ನ ಲಿನಕ್ಸಿಂದ ಹೊರಗೆ ಕಿತ್ತು ಪುಟ್ಟ ಟಾಸ್ಕ್ ಮಾಡಿ, ಲಿನಕ್ಸಿಗೆ ಬರೀ ವರ್ಟಿಯೋ (ನಿಜ ಚಿಪ್ಪಿನ ಬದಲು ವರ್ಚುವಲ್ ನೆಟ್ ಕಾರ್ಡು) ಕೊಡೋದು ಮುಂದಿನ ಕೆಲಸ. ವಿಟಿ-ಡಿ (ಇಂಟೆಲ್‌ನ ಐಒಎಂಎಂಯು) ಇರೋ ಹಳೇ ಲ್ಯಾಪ್‌ಟಾಪ್ ಯಾರ ಮನೇಲಾದ್ರೂ ಬಿದ್ದಿದ್ರೆ ಹೇಳಿ, ಇದೇ ಸೆಟಪ್ ಅದರಲ್ಲೂ ಹಾಕಿ ನೋಡ್ಬೇಕು.