ಹಾಸ್ಟೆಲ್ ರೂಮುಗಳಲ್ಲಿ ಕೈಬದಲಾಗುವ ಮುಟ್ಟಿನ ನೋವಿನ ಮಾತ್ರೆ

ದಾವಣಗೆರೆಯಲ್ಲಿ ಹುಡುಗಿಯರ ಹಾಸ್ಟೆಲ್ ಒಂದರ ವಾರ್ಡನ್ ನಾನು. ಮುಂಚೆ ನರ್ಸ್ ಆಗಿದ್ದೆ. ಇಲ್ಲಿ ಒಬ್ಬಳಿಗೆ ಮುಟ್ಟಿನ ಹೊಟ್ಟೆನೋವು ಶುರುವಾದರೆ ಪಕ್ಕದ ರೂಮಿನವಳು ಸ್ಟ್ರಿಪ್‌ನಿಂದ ಒಂದು ಮೆಫ್ತಾಲ್ ಸ್ಪಾಸ್ ಕತ್ತರಿಸಿ ಕೊಡುತ್ತಾಳೆ. ಅಕ್ಕರೆಯಿಂದಲೇ ಕೊಡುತ್ತಾಳೆ. "ನಿನಗೆ ಆಸ್ತಮಾ ಇದೆಯಾ? ತಿಂಡಿ ತಿಂದ್ಯಾ?" ಅಂತ ಮಾತ್ರ ಕೇಳುವುದಿಲ್ಲ.

ನೋವು ತಡ್ಕೋ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೆನ್ನು ಬಗ್ಗಿಸಿಕೊಂಡು ಲ್ಯಾಬ್ ಪರೀಕ್ಷೆಗೆ ನಿಲ್ಲುವ ಹುಡುಗಿಗೆ ಮಾತ್ರೆ ಬೇಕೇ ಬೇಕು. ಆದರೆ ಇದು ಡಾಕ್ಟರ್ ಚೀಟಿ ಮೇಲೆ ಕೊಡಬೇಕಾದ ಔಷಧಿ. ಅದರಲ್ಲಿ ಮೆಫೆನಾಮಿಕ್ ಆಸಿಡ್ 250 ಮಿಲಿಗ್ರಾಂ, ಸೆಳೆತ ಸಡಿಲಿಸುವ ಡೈಸೈಕ್ಲೊಮಿನ್ 10 ಮಿಲಿಗ್ರಾಂ ಇರುತ್ತದೆ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಎಂಬ ದೇಹದ ರಾಸಾಯನಿಕವನ್ನು ಮೊದಲನೆಯದು ಕಡಿಮೆ ಮಾಡುತ್ತದೆ. ಜಠರದ ಒಳಪದರ ಕಾಯುವುದಕ್ಕೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ಅದೇ ಪ್ರೊಸ್ಟಗ್ಲಾಂಡಿನ್ ಬೇಕು. ಅದಕ್ಕೇ ಊಟವಾದ ಮೇಲೆ ತಗೊಳ್ಳಿ ಅನ್ನುವುದು. ಅಲ್ಸರ್ ಅಥವಾ ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳದೆ ಮುಟ್ಟಲೇಬಾರದು. ಕೆಲವು ಆಸ್ತಮಾ ರೋಗಿಗಳಿಗೆ ಇದರಿಂದ ಉಸಿರು ಕಟ್ಟಬಹುದು. ಡೈಸೈಕ್ಲೊಮಿನ್‌ನಿಂದ ಬಾಯಿ ಒಣಗುತ್ತದೆ, ತಲೆ ಸುತ್ತಬಹುದು.

ನನಗೆ ಜಾಸ್ತಿ ಚಿಂತೆ ಇರುವುದು ಇನ್ನೊಂದರ ಬಗ್ಗೆ. 2023ರ ನವೆಂಬರ್ ಕೊನೆಯಲ್ಲಿ ಔಷಧಿಗಳ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಇದರಿಂದ ಡ್ರೆಸ್ ಸಿಂಡ್ರೋಮ್ ಎಂಬ ತೀವ್ರ ಅಲರ್ಜಿ ಬರಬಹುದು ಎಂದು. ಮೈಮೇಲೆ ದದ್ದು, ಜ್ವರ, ಕುತ್ತಿಗೆ ಕಂಕುಳಲ್ಲಿ ಗಂಟು, ಜೊತೆಗೆ ಲಿವರ್ ಕಿಡ್ನಿಗೂ ಪೆಟ್ಟು. ಅಪರೂಪದ್ದೇ. ಆದರೆ ಸಾಮಾನ್ಯವಾಗಿ ಔಷಧಿ ಶುರು ಮಾಡಿದ 2ರಿಂದ 8 ವಾರದ ಒಳಗೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮಾತ್ರೆ ಯಾರಿಗೆ ನೆನಪಿರುತ್ತದೆ ಹೇಳಿ? ಡೆಂಗಿ ಇರಬೇಕು, ಅಮ್ಮ ಬಂದಿರಬೇಕು ಅಂದುಕೊಂಡು ಸುಮ್ನೆ ದಿನ ಕಳೆಯುತ್ತಾರೆ. ದಯವಿಟ್ಟು ಸ್ಟ್ರಿಪ್ ಎಸೆಯಬೇಡಿ, ಅದರ ಫೋಟೊ ಇಟ್ಟುಕೊಳ್ಳಿ. ದದ್ದು ಎದ್ದರೆ ಆ ಮಾತ್ರೆ ನಿಲ್ಲಿಸಿ, ಹಿಂದಿನ ತಿಂಗಳು ನುಂಗಿದ್ದನ್ನೂ ಡಾಕ್ಟರ್‌ಗೆ ಹೇಳಿ. ಔಷಧಿಯ ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಉಚಿತ ನಂಬರ್ ಇದೆ.

ಡೆಂಗಿ ಅಂದೆನಲ್ಲ. ಮಳೆಗಾಲದಲ್ಲಿ ಜ್ವರವೂ ಮುಟ್ಟೂ ಒಟ್ಟಿಗೆ ಬಂದರೆ ಮೆಫ್ತಾಲ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ನೋವು ನಿಲ್ಲಲಿಲ್ಲ ಅಂತ ಮೆಫ್ತಾಲ್ ಮೇಲೆ ಕಾಂಬಿಫ್ಲಾಮ್ ನುಂಗುವುದೂ ಬೇಡ. ಅದರಲ್ಲಿರುವ ಐಬುಪ್ರೊಫೆನ್ ಇದೇ ಜಾತಿಯದು. ಹೊಟ್ಟೆಗೂ ಕಿಡ್ನಿಗೂ ಎರಡರ ಭಾರ ಬೀಳುತ್ತದೆ.

ಮಾತ್ರೆಗೆ ಬಗ್ಗದ ನೋವು, ತಿಂಗಳಿಂದ ತಿಂಗಳಿಗೆ ಏರುವ ನೋವು ಎಂಡೊಮೆಟ್ರಿಯೋಸಿಸ್‌ನಿಂದಲೂ (ಗರ್ಭಕೋಶದ ಒಳಪದರದಂಥ ಪೊರೆ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಹಾಗಿದ್ದಾಗ ನಾನೇ ಮನೆಗೆ ಫೋನ್ ಮಾಡುತ್ತೇನೆ. "ಮದುವೆ ಆಗದ ಹುಡುಗಿನ ಹೆರಿಗೆ ಡಾಕ್ಟರ್ ಹತ್ರ ಯಾಕೆ ಕರ್ಕೊಂಡು ಹೋಗೋದು ಮೇಡಂ?" ಅಂತ ತಾಯಂದಿರು ಹಿಂಜರಿಯುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಸ್ಕ್ಯಾನನ್ನು ಹೊಟ್ಟೆಯ ಮೇಲಿಂದಲೇ ಮಾಡಿಸಬಹುದು, ನೀರು ಕುಡಿಸಿ ಕರ್ಕೊಂಡು ಹೋಗಿ, ನೀವೂ ಪಕ್ಕದಲ್ಲಿರಿ ಅನ್ನುತ್ತೇನೆ.